ಕಂಪ್ಯೂಟರ್ ನಮ್ಮದು, ಕೀಲಿಕೈ ಯಾರದು?

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ತನ್ನ ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಿಡುಗಡೆಯಾದ ಈ ವ್ಯವಸ್ಥೆ ಹತ್ತು ವರ್ಷ ಬಾಳಿತು. ಮುಂದೇನು ಎಂದು ಕೇಳಿದವರಿಗೆ ದೊರೆತ ಉತ್ತರ ವಿಂಡೋಸ್ 11. ಆದರೆ 2021ರಲ್ಲಿ ಬಂದ ಈ ಹೊಸ ಆವೃತ್ತಿಯು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಬಹುತೇಕ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಬಯಸುತ್ತದೆ. ಸುಮಾರು 2017ಕ್ಕಿಂತ ಹಿಂದೆ ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ. ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಿಸ್ತರಿತ ಭದ್ರತಾ ಬೆಂಬಲವನ್ನು ಸಂಸ್ಥೆ ಪ್ರಕಟಿಸಿತಾದರೂ ಅದು ಕಾಲಾವಕಾಶವೇ ಹೊರತು ಪರಿಹಾರವಲ್ಲ. ಈ ಬದಲಾವಣೆಯಿಂದ ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ಪಾಲಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿಯೇ ಅಂದಾಜು ಮಾಡಿತ್ತು.

ಈ ಅಂಕಿಯನ್ನು ಬೆಂಗಳೂರಿನ ತಂತ್ರಜ್ಞಾನ ಉದ್ಯಾನಗಳಿಂದ ನೋಡುವ ಬಗೆ ಒಂದು, ರಾಮದುರ್ಗ ತಾಲೂಕಿನ ಕಟಕೋಳದಂಥ ಊರಿನಿಂದ ನೋಡುವ ಬಗೆ ಇನ್ನೊಂದು. ಜೋಳ, ಕಡಲೆ, ಹತ್ತಿ, ಕಬ್ಬುಗಳನ್ನು ನಂಬಿದ ಇಂಥ ಊರುಗಳಲ್ಲಿ ಕಂಪ್ಯೂಟರ್ ಎಂಬುದು ಮೂರು ವರ್ಷಕ್ಕೊಮ್ಮೆ ಬದಲಿಸುವ ವಸ್ತುವಲ್ಲ. ಟ್ರ್ಯಾಕ್ಟರಿನಂತೆ, ಪಂಪ್‌ಸೆಟ್ಟಿನಂತೆ ಅದನ್ನೂ ದುರಸ್ತಿ ಮಾಡಿಸಿ, ಕೆಟ್ಟ ಬಿಡಿಭಾಗ ಬದಲಿಸಿ, ನಡೆಯುವಷ್ಟು ಕಾಲ ನಡೆಸಲಾಗುತ್ತದೆ. ಝೆರಾಕ್ಸ್ ಅಂಗಡಿಯವನ ಯಂತ್ರ, ಶಾಲೆಗೆ ದಾನಿಗಳು ಕೊಟ್ಟ ಯಂತ್ರ, ನಿವೃತ್ತ ನೌಕರನ ಮನೆಯ ಯಂತ್ರ, ಇವೆಲ್ಲವೂ ಕೆಟ್ಟಿಲ್ಲ. ಮಾರಿದವರು ಅವುಗಳ ಕೈಬಿಟ್ಟಿದ್ದಾರೆ, ಅಷ್ಟೇ. ಚೆನ್ನಾಗಿ ದುಡಿಯುತ್ತಿರುವ ಎತ್ತನ್ನು ವಯಸ್ಸಾಯಿತೆಂದು ಬೇರೊಬ್ಬರು ಬಂದು ಹಟ್ಟಿಯಿಂದ ಬಿಡಿಸಿ ಕಳಿಸಿದಂತೆ ಇದು.

ನನ್ನ ಮೇಜಿನ ಮೇಲಿರುವ ಯಂತ್ರವು 2016ರದು. ನಾಲ್ಕು ಜಿಬಿ ಸ್ಮೃತಿಯ ಸಾಧಾರಣ ಯಂತ್ರ. ವಿಂಡೋಸ್ 11 ಅದರೊಳಗೆ ಕಾಲಿಡಲು ಒಪ್ಪಲಿಲ್ಲ. ಹೊಸದನ್ನು ಕೊಳ್ಳುವ ಬದಲು ನಾನು ಅದರಲ್ಲಿ ಲಿನಕ್ಸ್ ಅಳವಡಿಸಿಕೊಂಡೆ. ಅಂದಿನಿಂದ ಪತ್ರ, ಲೆಕ್ಕ, ಬ್ಯಾಂಕ್ ವ್ಯವಹಾರ, ಮಿಂಚಂಚೆ, ಪತ್ರಿಕೆ ಓದು ಎಲ್ಲವೂ ಅದರಲ್ಲಿಯೇ ಸಾಗಿವೆ. ಈ ಲೇಖನವನ್ನು ಬೆರಳಚ್ಚಿಸಿದ್ದೂ ಅದರಲ್ಲಿಯೇ. ಇದು ತಂತ್ರಜ್ಞನ ವರದಿಯಲ್ಲ. ಅರ್ಥಶಾಸ್ತ್ರ ಓದಿ, ಕಡತಗಳ ನಡುವೆ ವೃತ್ತಿಜೀವನ ಕಳೆದ ಸಾಮಾನ್ಯ ಬಳಕೆದಾರನ ವರದಿ.

ಲಿನಕ್ಸ್ ಎಂದರೇನು? ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಕಾರ್ಯಾಚರಣೆ ವ್ಯವಸ್ಥೆಯ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟರು. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದ್ದರು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಪರಿಶೀಲಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಬಳಕೆದಾರನಿಗಿರಬೇಕು ಎಂಬುದು ಅವರ ನಿಲುವು. ಆ ಸ್ವಾತಂತ್ರ್ಯಕ್ಕೆ ಕಾನೂನಿನ ಬೇಲಿ ಹಾಕಿದ ಪರವಾನಗಿ 1989ರಲ್ಲಿ ಬಂದಿತು. ಇವೆರಡರ ಸಂಗಮದಿಂದ ಬೆಳೆದ ವ್ಯವಸ್ಥೆಯೇ ಇಂದು ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಮೊದಲಾದ ಹೆಸರುಗಳಲ್ಲಿ ದೊರೆಯುತ್ತದೆ. ‘ಇದೆಲ್ಲ ನಮಗೆ ಅಪರಿಚಿತ’ ಎನ್ನುವ ಓದುಗರು ತಮ್ಮ ಜೇಬಿನತ್ತ ನೋಡಿಕೊಳ್ಳಬೇಕು. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳೂ 2017ರ ನವೆಂಬರ್‌ನಿಂದ ಲಿನಕ್ಸನ್ನೇ ಬಳಸುತ್ತಿವೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮಾತ್ರ ಅದರ ಪಾಲು ಕಿರಿದು. ಸ್ಟ್ಯಾಟ್‌ಕೌಂಟರ್ ಲೆಕ್ಕದಂತೆ 2024ರ ಫೆಬ್ರುವರಿಯಲ್ಲಿ ಅದು ಶೇ 4ನ್ನು ದಾಟಿತು.

ಬದಲಾವಣೆಯ ವಿಧಾನವು ಹೆದರಿದಷ್ಟು ಕಠಿಣವಲ್ಲ. ಸುಮಾರು ಮೂರು ಜಿಬಿ ಗಾತ್ರದ ಕಡತವೊಂದನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಒಳಗಿರುವ ವಿಂಡೋಸನ್ನು ಮುಟ್ಟದೆ ಒಂದು ದಿನ, ಎರಡು ದಿನ ಬಳಸಿ ನೋಡಬಹುದು. ಪರದೆ, ಧ್ವನಿ, ವೈಫೈ, ಪ್ರಿಂಟರ್ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ತೃಪ್ತಿಯಾದ ಮೇಲೆಯೇ ಅಳವಡಿಸಿಕೊಳ್ಳಬಹುದು. ಮನೆ ಕೊಳ್ಳುವ ಮೊದಲು ಅದರಲ್ಲಿ ಎರಡು ದಿನ ವಾಸವಿದ್ದು ನೋಡಿದಂತೆ. ಇಂಥ ಅನುಕೂಲವನ್ನು ಯಾವ ವ್ಯಾಪಾರಿಯೂ ಕೊಡುವುದಿಲ್ಲ. ಅಳವಡಿಸುವ ಮೊದಲು ತಮ್ಮ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳುವುದು ಮಾತ್ರ ಕಡ್ಡಾಯ. ನಾನು ಆರಿಸಿಕೊಂಡ ಮಿಂಟ್ ಆವೃತ್ತಿಯಲ್ಲಿ ಕೆಳಗೆ ಎಡಮೂಲೆಯಲ್ಲಿ ಪರಿಚಿತ ಪಟ್ಟಿಯೇ ಇದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಅದರೊಂದಿಗೇ ಬರುತ್ತವೆ. ಹೊಸ ಪರಿಷ್ಕರಣೆ ಬಂದಾಗ ತಿಳಿಸುತ್ತದೆ; ಅರ್ಧ ಬರೆದ ಪತ್ರವನ್ನು ನಿಲ್ಲಿಸಿ ತಾನೇ ಯಂತ್ರವನ್ನು ಮುಚ್ಚಿ ತೆರೆಯುವ ಉದ್ಧಟತನ ಅದಕ್ಕಿಲ್ಲ.

ಕನ್ನಡದ ಗತಿ ಏನು ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಉತ್ತರ ಸಂತೋಷದಾಯಕವಾಗಿದೆ. ಕೆ.ಪಿ. ರಾವ್ ಅವರು ರೂಪಿಸಿ, ಸಾರ್ವಜನಿಕರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟ ಕೀಲಿಮಣೆ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದು ಪ್ರಸಿದ್ಧವಾಗಿದೆ. ನುಡಿಯಲ್ಲಿ ಬರೆಯುವ ಲಕ್ಷಾಂತರ ಜನರ ಬೆರಳುಗಳಿಗೆ ಅದು ಅಭ್ಯಾಸವಾಗಿದೆ. ‘ಕ’ದ ಕೀಲಿ ಒತ್ತಿ, ಎಫ್ ಒತ್ತಿ, ಮತ್ತೆ ‘ಕ’ ಒತ್ತಿದರೆ ‘ಕ್ಕ’ ಮೂಡುವ ಆ ಸರಳ ತರ್ಕ ಲಿನಕ್ಸಿನಲ್ಲಿ ಪ್ರತ್ಯೇಕ ತಂತ್ರಾಂಶವಿಲ್ಲದೆಯೇ ಲಭ್ಯವಿದೆ. ಕೀಲಿಮಣೆಗಳ ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ಇನ್ನೂ ಒಂದು ಸಂಗತಿ ಕನ್ನಡಿಗರಿಗೆ ಹೆಮ್ಮೆ ತರುವಂಥದು. ಆ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳ ಹೆಸರಿನ ಮುಂದೆಯೂ ‘ಕಗಪ’ ಎಂದಿರುವ ವಿನ್ಯಾಸಗಳಿವೆ. ಕನ್ನಡಕ್ಕಾಗಿ ಮೂಡಿದ ಚಿಂತನೆ, ಅದು ಮುಕ್ತವಾಗಿದ್ದ ಕಾರಣ, ನೆರೆಯ ಭಾಷೆಗಳಿಗೂ ಹರಿದುಹೋಯಿತು. ಪೇಟೆಂಟಿನ ಬೀಗ ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಲಿನಕ್ಸಿನ ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತಿದ್ದವು, ಅರ್ಕಾವೊತ್ತು ಸ್ಥಳ ತಪ್ಪುತ್ತಿತ್ತು. ಇಂದು ಆ ಪರಿಸ್ಥಿತಿ ಇಲ್ಲ. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವೇ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲಿಯೂ ದುಡಿಯುತ್ತಿದೆ. ಅದರ ಹೆಸರು ಪಾರ್ಸಿ ಭಾಷೆಯದು. ಅದನ್ನು ಮುಖ್ಯವಾಗಿ ಕಟ್ಟಿದವರು ಇರಾನ್ ಮೂಲದ ತಂತ್ರಜ್ಞ. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಚೆಲುವಾದ ಕನ್ನಡ ಅಕ್ಷರಶೈಲಿಗಳಿವೆ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಮತ್ತೆ ಮತ್ತೆ ಆಗ್ರಹಿಸುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಕಂಪ್ಯೂಟರಿನಲ್ಲಿ ಉಳಿಯದ ಭಾಷೆ ಬಳಕೆಯಲ್ಲಿಯೂ ಉಳಿಯಲಾರದೆಂಬ ಆತಂಕ ಅಂದಿನದು. ಆ ಆತಂಕಕ್ಕೆ ಉತ್ತರ ಕೊಟ್ಟವರಲ್ಲಿ ಹೆಸರು ಬಯಸದ ಸ್ವಯಂಸೇವಕರ ಪಾಲು ದೊಡ್ಡದು.

ಇಲ್ಲಿ ಇನ್ನೂ ಆಳವಾದ ಪ್ರಶ್ನೆಯೊಂದು ಏಳುತ್ತದೆ. ಹಿಂದೆ ಮುಂಬಯಿ ಕರ್ನಾಟಕವೆಂದು ಕರೆಸಿಕೊಂಡು, 2021ರಿಂದ ಕಿತ್ತೂರು ಕರ್ನಾಟಕವೆನಿಸಿದ ನಮ್ಮ ಭಾಗದ ಹಳೆಯ ಕಂದಾಯ ದಾಖಲೆಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಮರಾಠಾ ಆಡಳಿತ ಕಾಲದ ಬರಹಗಾರರು ಕೈಯೆತ್ತದೆ ವೇಗವಾಗಿ ಬರೆಯುತ್ತಿದ್ದ ಲಿಪಿ ಅದು. ಕಾಗದ ಉಳಿದಿದೆ, ಶಾಯಿ ಉಳಿದಿದೆ; ಓದುವವರು ಮಾತ್ರ ಬೆರಳೆಣಿಕೆಯಷ್ಟು. ಇನಾಮು ಜಮೀನಿನ ತಕರಾರಿಗೆ ಸಿಲುಕಿದ ರೈತ, ತನ್ನ ಅಜ್ಜನ ಹಕ್ಕಿಗೆ ಸಾಕ್ಷಿಯಾದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಮೋಡಿ ಬಲ್ಲವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾಗುತ್ತದೆ. ದಾಖಲೆ ಇದ್ದೂ ಇಲ್ಲದಂತೆ.

ನಮ್ಮ ಕಾಲದ ಮೋಡಿಯನ್ನು ನಾವೇ ಸೃಷ್ಟಿಸಿದ್ದೇವೆ. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರಿ ಕಚೇರಿಗಳಲ್ಲಿ ಸಿದ್ಧವಾದ ಅಸಂಖ್ಯ ಆದೇಶ, ನಡವಳಿ, ಟಿಪ್ಪಣಿಗಳು ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿವೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಏರ್ಪಾಡು ಅದು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ, ಪೌಂಡ್ ನಾಣ್ಯದ ಚಿಹ್ನೆ, ಕ್ಯೂ ಮತ್ತು ಅರ್ಥವಿಲ್ಲದ ಗೆರೆಗಳ ಗೋಜಲಾಗಿ ಕಾಣುತ್ತದೆ. ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಶೈಲಿಯೂ ಬಂದಿತ್ತು. ಆದರೂ ಕಚೇರಿಗಳು ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪುವ ಹೊತ್ತಿಗೆ ಮತ್ತೊಂದು ದಶಕ ಉರುಳಿತ್ತು. ನುಡಿಯಲ್ಲಿ ಇಂದು ಯೂನಿಕೋಡ್ ಬರೆಯುವ ಸೌಲಭ್ಯವಿದೆ. ಹಳೆಯ ಕಡತಗಳು ಮಾತ್ರ ಹಳೆಯ ಬೀಗದೊಳಗೇ ಇವೆ.

ನನ್ನ ಬಳಿ ಇದ್ದ ಅಂಥ ನೂರಾರು ಪುಟಗಳನ್ನು ಲಿನಕ್ಸಿನಲ್ಲಿ ಪರಿವರ್ತಿಸಿಕೊಂಡೆ. ಕನ್ನಡದ ಸ್ವಯಂಸೇವಕರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕಗಳು ಈ ಕೆಲಸಕ್ಕೆ ನೆರವಾಗುತ್ತವೆ. ಅರ್ಕಾವೊತ್ತಿನ ಪದಗಳಲ್ಲಿ, ಕೋಷ್ಟಕಗಳಲ್ಲಿ, ಇಂಗ್ಲಿಷ್ ಬೆರೆತ ಸಾಲುಗಳಲ್ಲಿ ತಪ್ಪುಗಳು ಉಳಿಯುತ್ತವೆ; ಕಣ್ಣಿಟ್ಟು ತಿದ್ದಬೇಕು. ಆದರೆ ತಿದ್ದಿದ ಮೇಲೆ ಆ ಪುಟಗಳು ಫೋನಿನಲ್ಲಿಯೂ ತೆರೆದುಕೊಳ್ಳುತ್ತವೆ, ಅವುಗಳಲ್ಲಿ ಬೇಕಾದ ಪದವನ್ನು ಹುಡುಕಬಹುದು. ನನ್ನ ಖಾಸಗಿ ಕಾಗದಗಳ ಮಟ್ಟಿಗೆ ಇದು ಕೆಲವು ವಾರಗಳ ದುಡಿಮೆ. ತಾಲೂಕು ಕಚೇರಿಗಳಲ್ಲಿ ದೂಳು ಹಿಡಿದ ಸಿಡಿಗಳನ್ನು ಯಾರು ಪರಿವರ್ತಿಸುತ್ತಾರೆ? ಅವನ್ನು ಓದಬಲ್ಲ ಯಂತ್ರ ಇನ್ನೂ ಉಳಿದಿರುವಾಗಲೇ ಈ ಕೆಲಸ ಆಗಬೇಕು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಸಿದ್ಧಾಂತವಿದೆ. ಒಂದು ವಸ್ತುವನ್ನು ಹೆಚ್ಚು ಜನ ಬಳಸಿದಷ್ಟೂ ಉಳಿದವರಿಗೆ ಅದನ್ನೇ ಬಳಸುವ ಒತ್ತಡ ಹೆಚ್ಚುತ್ತದೆ. ಕಾಲಕ್ರಮದಲ್ಲಿ ಅದರಿಂದ ಹೊರಬರುವ ವೆಚ್ಚ, ಅದರ ಬೆಲೆಗಿಂತ ದೊಡ್ಡದಾಗುತ್ತದೆ. ಕಾರ್ಲ್ ಶಪಿರೊ ಮತ್ತು ಹಾಲ್ ವೇರಿಯನ್ ತೊಂಬತ್ತರ ದಶಕದ ಕೊನೆಯಲ್ಲಿ ಮಾಹಿತಿ ಅರ್ಥವ್ಯವಸ್ಥೆಯ ಕುರಿತು ಬರೆದ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಗ್ರಾಹಕನನ್ನು ಹಿಡಿದಿಡುವುದು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ, ಆತ ಈಗಾಗಲೇ ಅದರಲ್ಲಿ ಹೂಡಿದ ಅಭ್ಯಾಸ ಮತ್ತು ಕಡತಗಳು. ಇನ್ನೊಂದೆಡೆ, ತಂತ್ರಾಂಶದ ಒಂದು ಹೆಚ್ಚುವರಿ ಪ್ರತಿಯನ್ನು ತಯಾರಿಸುವ ವೆಚ್ಚ ಬಹುತೇಕ ಶೂನ್ಯ. ನಾನು ಬಳಸಿದರೆ ನಿಮಗೆ ಕಡಿಮೆಯಾಗುವ ವಸ್ತು ಅದಲ್ಲ. ಅಂಥದನ್ನು ಸಾರ್ವಜನಿಕ ಸ್ವತ್ತಾಗಿ ಇಡುವುದು ಭಾವುಕತೆಯಲ್ಲ, ಶುದ್ಧ ಲೆಕ್ಕಾಚಾರ.

ಹಾಗೆಂದು ಲಿನಕ್ಸಿನಲ್ಲಿ ತೊಂದರೆಗಳೇ ಇಲ್ಲವೆಂದು ಹೇಳಿದರೆ ಅದು ಅಪ್ರಾಮಾಣಿಕವಾದೀತು. ನನ್ನ ಹಳೆಯ ಪ್ರಿಂಟರಿಗೆ ತಯಾರಕರು ಸರಿಯಾದ ಲಿನಕ್ಸ್ ಚಾಲಕವನ್ನು ಕೊಡಲಿಲ್ಲ, ಬೇರೊಂದನ್ನು ಕೊಳ್ಳಬೇಕಾಯಿತು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಓದುವ ಸಾಧನ ಇವುಗಳಲ್ಲಿ ಹಲವು ವಿಂಡೋಸನ್ನೇ ನಿರೀಕ್ಷಿಸುತ್ತವೆ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ 2021ರಿಂದ ಫೋನಿನಲ್ಲಿಯೇ ಮುಖಗುರುತಿನ ಸೌಲಭ್ಯ ಬಂದಿರುವುದರಿಂದ ಆ ಒಂದು ತೊಡಕು ತಪ್ಪಿದೆ. ಟ್ಯಾಲಿ ಬಳಸುವ ಲೆಕ್ಕಿಗರಿಗೆ ಇದು ನೇರವಾಗಿ ಒಗ್ಗುವುದಿಲ್ಲ. ನಮ್ಮೂರಿನ ಝೆರಾಕ್ಸ್ ಅಂಗಡಿಯ ತರುಣನೊಬ್ಬ ನನ್ನ ಯಂತ್ರವನ್ನು ಅರ್ಧ ತಾಸು ಪರೀಕ್ಷಿಸಿ ಕೇಳಿದ: ‘ಎಲ್ಲಾ ಛಲೋ ಐತ್ರಿ ಸಾಹೇಬ್ರ, ಆದ್ರ ಇದರಾಗ ಲಗ್ನಪತ್ರಿಕಿ ಮಾಡಾಕ ಬರತೈತೇನ್ರಿ?’ ಇಡೀ ಚರ್ಚೆಯ ತಿರುಳು ಆ ಪ್ರಶ್ನೆಯಲ್ಲಿದೆ. ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳಲ್ಲಿ ಇಂದು ಲಗ್ನಪತ್ರಿಕೆ ಮಾಡಬಹುದು. ಆದರೆ ಅವನ ಹೊಟ್ಟೆಪಾಡು ನಿಂತಿರುವುದು ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ಹತ್ತು ವರ್ಷದಿಂದ ಕೂಡಿಟ್ಟ ನೂರಾರು ಮಾದರಿಗಳ ಮೇಲೆ. ಅವು ಇದ್ದಂತೆಯೇ ಇಲ್ಲಿಗೆ ಬರುವುದಿಲ್ಲ. ಲಗ್ನದ ಸುಗ್ಗಿಯಲ್ಲಿ ‘ಹೊಸದು ಕಲಿ’ ಎಂದು ಅವನಿಗೆ ಉಪದೇಶಿಸುವ ಹಕ್ಕು ಪಿಂಚಣಿ ಪಡೆಯುವ ನನಗಿಲ್ಲ. ಅವನ ಹೊಸ ಕೆಲಸ ಮುಕ್ತ ತಂತ್ರಾಂಶದಲ್ಲಿ ಆರಂಭವಾಗಿ, ಹಳೆಯದು ಹಳೆಯ ಯಂತ್ರದಲ್ಲಿ ಮುಂದುವರಿದರೆ ಅದೇ ದೊಡ್ಡದು. ಇನ್ನೊಂದು ಮಾತನ್ನೂ ಸೇರಿಸಬೇಕು. ಲಿನಕ್ಸಿಗೆ ವೈರಸ್ಸಿನ ಕಾಟ ಕಡಿಮೆ ನಿಜ. ಆದರೆ ಫೋನ್ ಮಾಡಿ ಒಟಿಪಿ ಕೇಳುವ ವಂಚಕನನ್ನು ಯಾವ ಕಾರ್ಯಾಚರಣೆ ವ್ಯವಸ್ಥೆಯೂ ತಡೆಯಲಾರದು.

ವ್ಯಕ್ತಿಗಳು ಎದುರಿಸುವ ಈ ತೊಡಕುಗಳನ್ನು ಸರ್ಕಾರಗಳು ಹೇಗೆ ಎದುರಿಸಿವೆ? ನೆರೆಯ ಕೇರಳವು ತನ್ನ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುವ ನಿರ್ಧಾರ ಮಾಡಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲವಾಗಿದೆ. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಪರವಾನಗಿ ಶುಲ್ಕ ತಪ್ಪಿದ್ದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿಯಿತೆಂದು ಅಲ್ಲಿನ ಶಿಕ್ಷಣ ತಂತ್ರಜ್ಞಾನ ಸಂಸ್ಥೆ 2019ರಲ್ಲಿ ಹೇಳಿಕೊಂಡಿತು. ನಮ್ಮ ದೇಶದ ಇ-ನ್ಯಾಯಾಲಯ ಯೋಜನೆಯು ಉಬುಂಟುವನ್ನು ಆಧರಿಸಿದೆ. ತಾಲೂಕು ನ್ಯಾಯಾಲಯಗಳಲ್ಲಿಯೂ ಲಿನಕ್ಸ್ ಕೆಲಸ ಮಾಡುತ್ತಿದೆ. ಕೇಂದ್ರ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿದೆ. ಎಚ್ಚರಿಕೆಯ ಉದಾಹರಣೆಯೂ ಇದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತವು 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದು, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ನಿರ್ಣಯ ಮಾಡಿತು. ಅಧಿಕಾರ ಬದಲಾದಾಗ ಬದಲಾಗುವ ಆಸಕ್ತಿ, ಹೊರಗಿನ ಕಚೇರಿಗಳೊಡನೆ ಕಡತ ವಿನಿಮಯದ ತೊಡಕು, ಸಿಬ್ಬಂದಿಯ ಅಸಮಾಧಾನ ಇವೆಲ್ಲ ಅಲ್ಲಿ ಕಂಡುಬಂದವು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸಿನಿಂದ ಆರಂಭಿಸಿ ಹಂತಹಂತವಾಗಿ ಬದಲಿಸಲು ಹೊರಟಿತು. ಮೊದಲು ಕಡತದ ಸ್ವರೂಪ, ಆಮೇಲೆ ಯಂತ್ರ. ಈ ಕ್ರಮವೇ ಸರಿಯಾದುದೆಂದು ನನಗೆ ತೋರುತ್ತದೆ.

ಕರ್ನಾಟಕ ಸರ್ಕಾರ ಮಾಡಬಹುದಾದ, ಹೆಚ್ಚು ಹಣ ಬೇಡದ ಮೂರು ಕೆಲಸಗಳಿವೆ. ಮೊದಲನೆಯದು, 2000ದ ದಶಕದ ನುಡಿ ಕಡತಗಳನ್ನು ಜಿಲ್ಲಾವಾರು ಗುರುತಿಸಿ ಯೂನಿಕೋಡಿಗೆ ಪರಿವರ್ತಿಸಿ ಸಾರ್ವಜನಿಕ ಭಂಡಾರದಲ್ಲಿಡುವುದು. ಎರಡನೆಯದು, 2012ರ ನಿಯಮಗಳಂತೆ ನೌಕರರಿಗೆ ನಡೆಸುವ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ಒಂದು ಕಂಪನಿಯ ಗುಂಡಿಗಳ ಸ್ಥಾನವನ್ನಲ್ಲ, ಕೌಶಲವನ್ನು ಅಳೆಯುವುದು. ಅದೇ ಪರೀಕ್ಷೆಯನ್ನು ಲಿಬ್ರೆಆಫೀಸಿನಲ್ಲಿ ಬರೆಯಲೂ ಅವಕಾಶವಿರುವುದು. ಮೂರನೆಯದು, ವಿಂಡೋಸ್ 10ರ ಹೆಸರಿನಲ್ಲಿ ಶಾಲೆ, ಪಂಚಾಯಿತಿಗಳ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳಲ್ಲಿ ಲಿನಕ್ಸ್ ನಡೆಯುತ್ತದೆಯೇ ಎಂದು ಪರೀಕ್ಷಿಸುವುದನ್ನು ಕಡ್ಡಾಯ ಮಾಡುವುದು. ಹೊಸ ಯಂತ್ರಕ್ಕೆ ಟೆಂಡರ್ ಕರೆಯುವುದಕ್ಕಿಂತ ಒಂದು ಪೆನ್‌ಡ್ರೈವ್ ಕೊಳ್ಳುವುದು ಅಗ್ಗ.

ಇದೆಲ್ಲ ಪರದೇಶದ ಆದರ್ಶವೆಂದು ಭಾವಿಸುವ ಕಾರಣವಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು. ಸಾಹುಕಾರನ ಖಾತೆವಹಿಯನ್ನು ಓದಲಾಗದೆ, ಬರೆದಷ್ಟು ಬಡ್ಡಿ ಕೊಡುತ್ತಿದ್ದ ರೈತರು ತಮ್ಮದೇ ಪುಸ್ತಕ ಬರೆಯಲು ಆರಂಭಿಸಿದ ಸಂದರ್ಭ ಅದು. ಆ ಪುಸ್ತಕವನ್ನು ಯಾವ ಸದಸ್ಯನಾದರೂ ತೆರೆದು ನೋಡಬಹುದಿತ್ತು. ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುವ ರೂಢಿಯೂ ಈ ನೆಲದ್ದೇ. ಬೇರೆ ಬೇರೆ ದೇಶಗಳ ಸಾವಿರಾರು ಜನ ಪರಸ್ಪರ ಮುಖ ನೋಡದೆ ಬರೆದ ತಂತ್ರಾಂಶದಲ್ಲಿ ಆ ಮುಯ್ಯದ ನ್ಯಾಯವೇ ಇದೆ. ಪಡೆದವನು ಹಿಂದಿರುಗಿಸಬೇಕಾದುದು ಹಣವನ್ನಲ್ಲ. ಒಂದು ಅನುವಾದ, ಒಂದು ತಿದ್ದುಪಡಿ, ಅಥವಾ ಪಕ್ಕದ ಮನೆಯವರ ಯಂತ್ರಕ್ಕೆ ಅರ್ಧ ದಿನದ ನೆರವು.

ಎಲ್ಲರೂ ನಾಳೆಯೇ ವಿಂಡೋಸ್ ತೊರೆಯಬೇಕೆಂಬುದು ನನ್ನ ವಾದವಲ್ಲ. ತಮ್ಮ ಕಡತಗಳು ಯಾವ ಸ್ವರೂಪದಲ್ಲಿವೆ, ಮೂವತ್ತು ವರ್ಷಗಳ ನಂತರ ಅವುಗಳನ್ನು ಯಾರ ಅನುಮತಿಯೂ ಇಲ್ಲದೆ ತೆರೆಯಬಹುದೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ, ಪ್ರತಿ ಕಚೇರಿಯೂ ಕೇಳಿಕೊಳ್ಳಬೇಕು. ಮೋಡಿ ಬರೆದ ಕುಲಕರ್ಣಿಗೆ ತನ್ನ ಲಿಪಿ ಅಳಿಯುತ್ತದೆಂದು ತಿಳಿಯುವ ದಾರಿ ಇರಲಿಲ್ಲ. ನಮಗೆ ತಿಳಿದಿದೆ.